ಒಲಿಂಪಿಕ್ಸ್ ಸ್ಥಾನ ಯಾರ ಹೆಸರಿನಲ್ಲಿರುತ್ತದೆ?

ಪ್ರಶ್ನೆ: ನಾವು ಪೊನ್ನಂಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರರು. ಒಂಬತ್ತನೇ ತರಗತಿಯಲ್ಲಿರುವ ಮಗಳು ಶಾಲಾ ತಂಡದಲ್ಲಿ ಹಾಕಿ ಆಡುತ್ತಾಳೆ, 400 ಮೀಟರ್ ಓಟದಲ್ಲಿ ಜಿಲ್ಲೆಗೆ ಮೊದಲು ಬಂದಿದ್ದಾಳೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ನಮ್ಮ ಮಹಿಳಾ ಹಾಕಿ ತಂಡ ಪ್ಯಾರಿಸ್‌ಗೆ ಹೋಗಲೇ ಇಲ್ಲ. ಅದೇ ಪ್ಯಾರಿಸ್‌ಗೆ ಹದಿನಾಲ್ಕು ವರ್ಷದ ಈಜುಗಾರ್ತಿ ಹೋಗಿಬಂದಳು. ಇದರಲ್ಲಿ ಶಿಫಾರಸು ನಡೆಯುತ್ತದೆಯೇ? ಒಲಿಂಪಿಕ್ಸ್, ಏಷ್ಯನ್ ಗೇಮ್ಸ್‌ಗಳಿಗೆ ಅರ್ಹತೆ ಸಿಗುವುದು ಹೇಗೆ? ಮಗಳು ಹಾಕಿಯಲ್ಲೇ ಇರಬೇಕೇ, ಓಟಕ್ಕೆ ಹೋಗಬೇಕೇ? ಕೆನಡಾದಲ್ಲಿ ಹುಟ್ಟಿ ಬೆಳೆದ ನನ್ನ ತಮ್ಮನ ಮಗ ಭಾರತದ ಪರ ಆಡಬಹುದೇ?

ಉತ್ತರ: ಶಿಫಾರಸಿನ ಸಂಶಯವನ್ನು ಮೊದಲು ಪರಿಹರಿಸಿಬಿಡೋಣ. ನೀವು ಹೇಳಿದ ಹುಡುಗಿ ಬೆಂಗಳೂರಿನ ಧಿನಿಧಿ ದೇಸಿಂಘು. ಆಕೆ ಪ್ಯಾರಿಸ್‌ಗೆ ಹೋದದ್ದು ನಿಯಮದ ಪ್ರಕಾರವೇ. ಈಜಿನಲ್ಲಿ ಪ್ರತಿ ಸ್ಪರ್ಧೆಗೂ ಒಂದು ಅರ್ಹತಾ ಸಮಯ ಇರುತ್ತದೆ. ಒಂದು ದೇಶದ ಯಾರೊಬ್ಬರೂ ಆ ಹಾದಿಯಲ್ಲಿ ಅರ್ಹತೆ ಪಡೆಯದಿದ್ದರೆ, ಆ ದೇಶದಲ್ಲಿ ಹೆಚ್ಚು ಅಂಕ ಗಳಿಸಿರುವ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆಗೆ ಅವಕಾಶ ಕೊಡುತ್ತಾರೆ. ಇದಕ್ಕೆ ಯುನಿವರ್ಸಾಲಿಟಿ ಕೋಟಾ ಎನ್ನುತ್ತಾರೆ. ಜಗತ್ತಿನ ಎಲ್ಲ ದೇಶಗಳ ಧ್ವಜವೂ ಕೂಟದಲ್ಲಿ ಕಾಣಬೇಕೆಂಬುದು ಇದರ ಉದ್ದೇಶ. ಪ್ಯಾರಿಸ್‌ಗೆ ಶ್ರೀಹರಿ ನಟರಾಜ್ ಹೋದದ್ದೂ ಇದೇ ದಾರಿಯಲ್ಲಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಕ್ವಟೋರಿಯಲ್ ಗಿನಿಯ ಎರಿಕ್ ಮುಸಾಂಬಾನಿ 100 ಮೀಟರ್ ಈಜಲು 1 ನಿಮಿಷ 52.72 ಸೆಕೆಂಡ್ ತೆಗೆದುಕೊಂಡು ಜಗತ್ಪ್ರಸಿದ್ಧರಾದದ್ದು ನೆನಪಿರಬಹುದು. ಅವರೂ ಇಂಥದೇ ವೈಲ್ಡ್ ಕಾರ್ಡ್‌ನಲ್ಲಿ ಬಂದವರು. ಇಷ್ಟು ದೊಡ್ಡ ದೇಶ ಆ ಬಾಗಿಲಿನಿಂದ ಒಳಗೆ ಹೋಗಬೇಕಾಯಿತಲ್ಲ ಎಂದು ಬೇಸರಪಡಬಹುದೇ ಹೊರತು, ಹುಡುಗಿಯ ಮೇಲೆ ಅನುಮಾನ ಪಡಲು ಕಾರಣವಿಲ್ಲ.

ಅರ್ಹತೆಯ ವಿಚಾರ ಗೋಜಲಾಗಿ ಕಾಣುವುದಕ್ಕೆ ಕಾರಣವಿದೆ. ಪ್ರತಿ ಕ್ರೀಡೆಯ ಅಂತರರಾಷ್ಟ್ರೀಯ ಫೆಡರೇಷನ್ ತನ್ನದೇ ನಿಯಮ ಬರೆಯುತ್ತದೆ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದಕ್ಕೆ ಒಪ್ಪಿಗೆ ಕೊಡುತ್ತದೆ. ಆದ್ದರಿಂದ ಹಾಕಿಯ ನಿಯಮ ಓಟಕ್ಕಿಲ್ಲ, ಓಟದ್ದು ಶೂಟಿಂಗ್‌ಗಿಲ್ಲ. ಒಟ್ಟು ಸಂಖ್ಯೆಯೂ ಸೀಮಿತ. ಪ್ಯಾರಿಸ್‌ಗೆ ಎಲ್ಲ ದೇಶ, ಎಲ್ಲ ಕ್ರೀಡೆ ಸೇರಿ ಸುಮಾರು 10,500 ಸ್ಥಾನಗಳಿದ್ದವು, ಭಾರತದಿಂದ ಹೋದವರು 117 ಮಂದಿ. ಯಾವುದೇ ಕ್ರೀಡೆಯ ನಿಯಮಾವಳಿ ಕೈಗೆ ಬಂದಾಗ ನಾನು ಮೊದಲು ನೋಡುವುದು, ಗಳಿಸಿದ ಸ್ಥಾನ ಯಾರ ಹೆಸರಿಗೆ ಹೋಗುತ್ತದೆ ಎಂಬುದನ್ನು. ಕೆಲವು ಕಡೆ ತಂಡಕ್ಕೆ, ಕೆಲವು ಕಡೆ ದೇಶಕ್ಕೆ, ಕೆಲವು ಕಡೆ ಮಾತ್ರ ಆಟಗಾರನ ಹೆಸರಿಗೆ. ಇದು ತಿಳಿದರೆ ಪತ್ರಿಕೆಗಳಲ್ಲಿ ಬರುವ ವಿವಾದಗಳಲ್ಲಿ ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತದೆ.

ಹಾಕಿಯಿಂದಲೇ ಶುರು ಮಾಡೋಣ. ನಿಮ್ಮ ಊರಿನ ಕಡೆ ಬೇರೆ ಯಾವುದರಿಂದ ಶುರು ಮಾಡಿದರೂ ಯಾರೂ ಕೇಳುವುದಿಲ್ಲ.

ಒಲಿಂಪಿಕ್ಸ್ ಹಾಕಿಯಲ್ಲಿ ಪುರುಷರಿಗೆ ಹನ್ನೆರಡು, ಮಹಿಳೆಯರಿಗೆ ಹನ್ನೆರಡು ತಂಡ. ಪ್ಯಾರಿಸ್‌ಗೆ ಆ ಹನ್ನೆರಡನ್ನು ಹಂಚಿದ ಬಗೆ ಹೀಗಿತ್ತು: ಆತಿಥೇಯ ಫ್ರಾನ್ಸ್‌ಗೆ ಒಂದು, ಐದು ಖಂಡಗಳ ಚಾಂಪಿಯನ್ನರಿಗೆ ಐದು, ಉಳಿದ ಆರು ಸ್ಥಾನಗಳಿಗೆ ಎರಡು ಅರ್ಹತಾ ಟೂರ್ನಿ. ಒಂದೊಂದು ಟೂರ್ನಿಯಲ್ಲಿ ಎಂಟು ತಂಡ, ಮೊದಲ ಮೂರು ತಂಡಕ್ಕೆ ಪ್ಯಾರಿಸ್ ಟಿಕೆಟ್. ಈ ಲೆಕ್ಕದಲ್ಲಿ ವಿಶ್ವ ರ್‍ಯಾಂಕಿಂಗ್ ನೋಡಿ ನೇರವಾಗಿ ಕೊಟ್ಟ ಸ್ಥಾನ ಒಂದೂ ಇಲ್ಲ ಎಂಬುದನ್ನು ಗಮನಿಸಿ. ನಾಲ್ಕು ವರ್ಷ ಹಿಂದಿನ ಒಲಿಂಪಿಕ್ಸ್ ಸಾಧನೆಗಂತೂ ಕಿಂಚಿತ್ತೂ ಬೆಲೆಯಿಲ್ಲ.

ಏಷ್ಯಾದ ಚಾಂಪಿಯನ್ ಯಾರೆಂದು ತೀರ್ಮಾನವಾಗುವುದು ಏಷ್ಯನ್ ಗೇಮ್ಸ್‌ನಲ್ಲಿ. 2023ರ ಅಕ್ಟೋಬರ್‌ನಲ್ಲಿ ಹ್ಯಾಂಗ್‌ಝೌನಲ್ಲಿ ನಮ್ಮ ಪುರುಷರು ಜಪಾನನ್ನು 5–1ರಿಂದ ಸೋಲಿಸಿ ಚಿನ್ನ ಗೆದ್ದರು, ಅಲ್ಲಿಗೆ ಅವರ ಪ್ಯಾರಿಸ್ ಚಿಂತೆ ಮುಗಿಯಿತು. ಮಹಿಳೆಯರು ಸೆಮಿಫೈನಲ್‌ನಲ್ಲಿ ಚೀನಾಕ್ಕೆ 0–4ರಿಂದ ಸೋತರು. ಮೂರನೇ ಸ್ಥಾನದ ಪಂದ್ಯದಲ್ಲಿ ಜಪಾನನ್ನು 2–1ರಿಂದ ಮಣಿಸಿ ಕಂಚು ತಂದರು. ಕಂಚು ಗೌರವದ್ದೇ, ಆದರೆ ಒಲಿಂಪಿಕ್ಸ್ ಸ್ಥಾನ ಚಿನ್ನಕ್ಕೆ ಮಾತ್ರ. ಹಾಗಾಗಿ 2024ರ ಜನವರಿಯಲ್ಲಿ ರಾಂಚಿಯ ಅರ್ಹತಾ ಟೂರ್ನಿ ಆಡಬೇಕಾಯಿತು. ಮೊದಲ ಪಂದ್ಯದಲ್ಲೇ ಅಮೆರಿಕದ ಎದುರು 0–1ರ ಸೋಲು. ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು 2–2, ಶೂಟೌಟ್‌ನಲ್ಲಿ ಸೋಲು. ಕೊನೆಗೆ ಮೂರನೇ ಸ್ಥಾನಕ್ಕಾಗಿ ಎದುರಾದದ್ದು ಅದೇ ಜಪಾನ್. ಆರಂಭದಲ್ಲೇ ಜಪಾನ್ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆಯಿತು. ಆಮೇಲೆ ನಮ್ಮವರಿಗೆ ಪೆನಾಲ್ಟಿ ಕಾರ್ನರ್ ಮೇಲೆ ಪೆನಾಲ್ಟಿ ಕಾರ್ನರ್ ಸಿಕ್ಕರೂ ಒಂದೂ ಗೋಲಾಗಲಿಲ್ಲ. 0–1. ಹ್ಯಾಂಗ್‌ಝೌನಲ್ಲಿ ಸೋಲಿಸಿದ್ದ ತಂಡವೇ ನಾಲ್ಕು ತಿಂಗಳು ತುಂಬುವ ಮೊದಲು ನಮ್ಮನ್ನು ಒಲಿಂಪಿಕ್ಸ್‌ನಿಂದ ಹೊರಗಿಟ್ಟಿತು. ರಾಂಚಿಯಿಂದ ಪ್ಯಾರಿಸ್‌ಗೆ ಹೋದ ಮೂರು ತಂಡಗಳಲ್ಲಿ ಅಮೆರಿಕ, ಜಪಾನ್ ಎರಡೂ ಆಗ ರ್‍ಯಾಂಕಿಂಗ್‌ನಲ್ಲಿ ನಮಗಿಂತ ಕೆಳಗಿದ್ದವು. ಇಲ್ಲಿ ಶಿಫಾರಸೂ ಇಲ್ಲ, ಅನ್ಯಾಯವೂ ಇಲ್ಲ. ಕೆಲವೇ ದಿನಗಳಲ್ಲಿ ಮುಗಿಯುವ ಟೂರ್ನಿಗೆ ನಾಲ್ಕು ವರ್ಷದ ಶ್ರಮವನ್ನು ಕಟ್ಟಿಹಾಕುವ ವ್ಯವಸ್ಥೆ ಇದು. ನನಗೆ ಕೇಳಿದರೆ ಕ್ರೂರ, ಆದರೆ ಎಲ್ಲರಿಗೂ ಮೊದಲೇ ಗೊತ್ತಿರುವ ಕ್ರೌರ್ಯ.

ಇದೇ ವ್ಯವಸ್ಥೆ ಒಮ್ಮೆ ನಮ್ಮ ಕೈಯನ್ನೂ ಹಿಡಿದಿತ್ತು. ಟೋಕಿಯೊಗೆ ಅರ್ಹತೆ ಪಡೆಯಲು 2019ರ ನವೆಂಬರ್‌ನಲ್ಲಿ ಭುವನೇಶ್ವರದಲ್ಲಿ ಅಮೆರಿಕದ ಎದುರು ಎರಡು ಪಂದ್ಯ, ಎರಡರ ಗೋಲು ಸೇರಿಸಿ ಫಲಿತಾಂಶ. ಮೊದಲ ದಿನ ಭಾರತ 5–1ರಿಂದ ಗೆದ್ದಾಗ ಎಲ್ಲವೂ ಮುಗಿಯಿತೆಂದೇ ಅಂದುಕೊಂಡಿದ್ದರು. ಮರುದಿನ ಅರ್ಧ ವೇಳೆಗೆ ಅಮೆರಿಕ 4–0 ಮುಂದೆ, ಒಟ್ಟು ಲೆಕ್ಕ 5–5. ಕೊನೆಯ ಕ್ವಾರ್ಟರ್‌ನಲ್ಲಿ ರಾಣಿ ರಾಂಪಾಲ್ ಒಂದು ಗೋಲು ಹೊಡೆದರು. 6–5. ನೀವು ನೆನಪಿಸಿಕೊಂಡ ಟೋಕಿಯೊದ ನಾಲ್ಕನೇ ಸ್ಥಾನ ಆ ಒಂದು ಗೋಲಿನ ಮೇಲೆ ನಿಂತಿದೆ. ಪುರುಷರಿಗಂತೂ 2008ರ ಮಾರ್ಚ್ ಮರೆಯುವಂಥದ್ದಲ್ಲ. ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್‌ಗೆ 0–2ರಿಂದ ಸೋತು, 1928ರಿಂದ ಎಂದೂ ತಪ್ಪಿಸದ ಒಲಿಂಪಿಕ್ಸ್ ಹಾಕಿಯನ್ನು ಭಾರತ ಮೊದಲ ಬಾರಿಗೆ ತಪ್ಪಿಸಿಕೊಂಡಿತು.

ಇನ್ನೊಂದು ಸೂಕ್ಷ್ಮ ಇದೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಮಹಿಳಾ ಹಾಕಿ ಚಿನ್ನ ಗೆದ್ದದ್ದು ಜಪಾನ್, ಬೆಳ್ಳಿ ನಮಗೆ. ಟೋಕಿಯೊ ಆತಿಥೇಯ ದೇಶವಾಗಿ ಜಪಾನ್‌ಗೆ ಮೊದಲೇ ಒಂದು ಸ್ಥಾನ ಇತ್ತಲ್ಲ, ಹಾಗಾದರೆ ಖಂಡದ ಸ್ಥಾನ ಬೆಳ್ಳಿ ಗೆದ್ದವರಿಗೆ ಬರಬೇಕಿತ್ತು ಎಂದು ಅನೇಕರು ಅಂದುಕೊಂಡರು. ನಿಯಮ ಹಾಗಿರಲಿಲ್ಲ. ಆ ಸ್ಥಾನ ಅರ್ಹತಾ ಪಂದ್ಯಗಳ ಪಾಲಿಗೆ ಹೋಯಿತು. ಸಿಕ್ಕ ಸ್ಥಾನವನ್ನು ದೇಶವೇ ಬೇಡವೆಂದ ಉದಾಹರಣೆಯೂ ಇದೆ. ರಿಯೊ ಒಲಿಂಪಿಕ್ಸ್‌ಗೆ ದಕ್ಷಿಣ ಆಫ್ರಿಕಾದ ಹಾಕಿ ತಂಡಗಳು ಆಫ್ರಿಕಾ ಚಾಂಪಿಯನ್ ಆಗಿ ಅರ್ಹತೆ ಪಡೆದಿದ್ದರೂ, ಖಂಡದ ಹಾದಿಯಲ್ಲಿ ಬಂದ ಅರ್ಹತೆ ಸಾಲದು ಎಂದು ಅಲ್ಲಿನ ಒಲಿಂಪಿಕ್ ಸಂಸ್ಥೆಯೇ ಅವರನ್ನು ಕಳಿಸಲಿಲ್ಲ. ಗೆದ್ದವರು ಆಟಗಾರರು, ನಿರ್ಧಾರ ಸಂಸ್ಥೆಯದು.

ನಿಮ್ಮ ಮಗಳ ದೃಷ್ಟಿಯಿಂದ ಹಾಕಿಯ ಅರ್ಥ ಇಷ್ಟು: ಅವಳು ತಾನಾಗಿ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲು ಸಾಧ್ಯವಿಲ್ಲ. ಅರ್ಹತೆ ತಂಡದ್ದು. ಅವಳು ಮಾಡಬಹುದಾದದ್ದು ಆಯ್ಕೆಯಾಗುವುದು. ರಾಷ್ಟ್ರೀಯ ಶಿಬಿರದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಇರುತ್ತಾರೆ, ಒಲಿಂಪಿಕ್ಸ್ ತಂಡದಲ್ಲಿ ಹದಿನಾರು. ಅರ್ಹತಾ ಟೂರ್ನಿಯಲ್ಲಿ ಆಡಿ ಸ್ಥಾನ ಗಳಿಸಿಕೊಟ್ಟವರೇ ಒಲಿಂಪಿಕ್ಸ್‌ಗೆ ಹೋಗುತ್ತಾರೆಂಬ ಖಾತರಿ ಇಲ್ಲ. 2016ರ ರಿಯೊ ಪುರುಷರ ತಂಡದ ಹದಿನಾರರಲ್ಲಿ ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ನಾಲ್ವರೂ ಕೊಡಗಿನವರು. ಟೋಕಿಯೊ, ಪ್ಯಾರಿಸ್‌ಗಳಲ್ಲಿ ಕಂಚು ಗೆದ್ದ ತಂಡಗಳಲ್ಲಿ ಒಬ್ಬರೂ ಇರಲಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳ ತಂಡ ಬಂದಿದ್ದವು. ಅಲ್ಲಿ ಒಕ್ಕದ, ಅಂದರೆ ಕೊಡವ ಮನೆತನದ, ಹೆಸರೇ ಅರ್ಹತೆ, ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಆಡಬಹುದು. ಆ ಸಂಭ್ರಮಕ್ಕೆ ಸಾಟಿಯಿಲ್ಲ. ಆದರೆ ರಾಷ್ಟ್ರೀಯ ಶಿಬಿರಕ್ಕೆ ಹೋಗುವ ಮೆಟ್ಟಿಲು ಅದಲ್ಲ ಎಂಬುದನ್ನು ತಂದೆತಾಯಿಗಳು ತಿಳಿದಿರಬೇಕು.

ಮೆಟ್ಟಿಲುಗಳು ಎರಡು ಬೇರೆ ಬೇರೆ ಇವೆ. ಒಂದು ಶಾಲೆಯದು: ತಾಲ್ಲೂಕು, ಜಿಲ್ಲೆ, ಮೈಸೂರು ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಇನ್ನೊಂದು ಅಸೋಸಿಯೇಷನ್‌ದು: ಹಾಕಿ ಕರ್ನಾಟಕದ ಆಯ್ಕೆ ಟ್ರಯಲ್ಸ್, ಸಬ್ ಜೂನಿಯರ್ ಮತ್ತು ಜೂನಿಯರ್ ರಾಷ್ಟ್ರೀಯ ಚಾಂಪಿಯನ್‌ಷಿಪ್, ಅಲ್ಲಿ ಆಯ್ಕೆಗಾರರ ಕಣ್ಣಿಗೆ ಬಿದ್ದರೆ ಹಾಕಿ ಇಂಡಿಯಾದ ಜೂನಿಯರ್ ಶಿಬಿರ. ಶಾಲಾ ಕೂಟದ ಪ್ರಮಾಣಪತ್ರ ಕಾಲೇಜು ಸೀಟಿಗೆ ಉಪಯೋಗಕ್ಕೆ ಬರುತ್ತದೆ, ಭಾರತ ತಂಡದ ಬಾಗಿಲು ತೆರೆಯುವುದು ಎರಡನೆಯದರಿಂದ. ಶಾಲೆಯಲ್ಲಿ ರಾಜ್ಯಮಟ್ಟಕ್ಕೆ ಹೋಗಿಬಂದು, ಅಸೋಸಿಯೇಷನ್ ಟ್ರಯಲ್ಸ್ ನಡೆದ ಸುದ್ದಿಯೇ ತಿಳಿಯದೆ ಒಂದು ವರ್ಷ ಕಳೆದುಕೊಂಡ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಪೊನ್ನಂಪೇಟೆ ಮತ್ತು ಕೂಡಿಗೆಯಲ್ಲಿ ಕ್ರೀಡಾ ಇಲಾಖೆಯ ವಸತಿ ವ್ಯವಸ್ಥೆ ಇದೆ, ಮಡಿಕೇರಿಯಲ್ಲಿ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ ಇದೆ. ಟ್ರಯಲ್ಸ್ ದಿನಾಂಕ ಅಲ್ಲಿನ ತರಬೇತುದಾರರಿಗೆ ಮೊದಲು ತಿಳಿಯುತ್ತದೆ. ಅವರ ಪರಿಚಯ ಇಟ್ಟುಕೊಳ್ಳಿ.

ಒಂದು ಸಣ್ಣ ವಿಷಯವನ್ನು ಈ ವಾರವೇ ನೋಡಿ. ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಆಧಾರ್ ಮೂರರಲ್ಲೂ ಮಗಳ ಹೆಸರು ಒಂದೇ ರೀತಿ ಇದೆಯೇ? ನಿಮ್ಮಲ್ಲಿ ಮನೆತನದ ಹೆಸರು ಒಂದು ಕಡೆ ಪೂರ್ತಿಯಾಗಿ, ಇನ್ನೊಂದು ಕಡೆ ಇನಿಷಿಯಲ್ ಆಗಿ, ಮತ್ತೊಂದರಲ್ಲಿ ತಂದೆಯ ಹೆಸರಿನ ಹಿಂದೆ ಬಂದಿರುತ್ತದೆ. ವಯೋಮಿತಿಯ ಟೂರ್ನಿಗಳಲ್ಲಿ ದಾಖಲೆ ಪರಿಶೀಲನೆ ಬಿಗಿ. ಟ್ರಯಲ್ಸ್ ದಿನ ಬೆಳಿಗ್ಗೆ ಮೇಜಿನ ಮುಂದೆ ನಿಂತು ಅಫಿಡವಿಟ್‌ಗಾಗಿ ಓಡಾಡುವುದು ಯಾರಿಗೂ ಬೇಡ.

ಈಗ ದೇಶದ ಹೆಸರಿಗೆ ಹೋಗುವ ವೈಯಕ್ತಿಕ ಸ್ಥಾನಗಳ ವಿಷಯ. ಇದಕ್ಕೆ ಶೂಟಿಂಗ್ ಒಳ್ಳೆಯ ಉದಾಹರಣೆ. ರುದ್ರಾಂಕ್ಷ್ ಪಾಟೀಲ್ 2022ರಲ್ಲಿ ಕೈರೊದಲ್ಲಿ 10 ಮೀಟರ್ ಏರ್ ರೈಫಲ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಭಾರತಕ್ಕೆ ಪ್ಯಾರಿಸ್ ಕೋಟಾ ಬಂತು. ಆದರೆ ಪ್ಯಾರಿಸ್‌ಗೆ ಹೋದವರು ಅರ್ಜುನ್ ಬಬೂತಾ ಮತ್ತು ಸಂದೀಪ್ ಸಿಂಗ್. 2024ರಲ್ಲಿ ನಡೆದ ಆಯ್ಕೆ ಟ್ರಯಲ್ಸ್‌ನಲ್ಲಿ ಅವರಿಬ್ಬರ ಅಂಕ ಹೆಚ್ಚಿತ್ತು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವನೊಬ್ಬ, ಕೂತವನು ಇನ್ನೊಬ್ಬ ಎಂದು ಆಗ ಬೇಸರಪಟ್ಟವರು ಬಹಳ. ನಾನು ಟ್ರಯಲ್ಸ್ ಪರ. ಎರಡು ವರ್ಷ ಹಿಂದಿನ ಗುರಿ ಇಂದಿನ ಗುರಿಯಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರ್ಜುನ್ ಪ್ಯಾರಿಸ್‌ನಲ್ಲಿ ನಾಲ್ಕನೆಯವರಾಗಿ ಸ್ವಲ್ಪದರಲ್ಲಿ ಪದಕ ತಪ್ಪಿಸಿಕೊಂಡರು.

ಬ್ಯಾಡ್ಮಿಂಟನ್‌ನಲ್ಲಿ ಒಂದು ವರ್ಷದ ಟೂರ್ನಿಗಳ ಅಂಕ ಕೂಡಿಸಿ ನಿಗದಿತ ದಿನದ ಪಟ್ಟಿ ನೋಡುತ್ತಾರೆ. ಪ್ಯಾರಿಸ್‌ಗೆ ಆ ಲೆಕ್ಕ 2023ರ ಮೇ 1ರಿಂದ 2024ರ ಏಪ್ರಿಲ್ ಕೊನೆಯವರೆಗೆ ನಡೆಯಿತು. ಒಂದು ದೇಶದಿಂದ ಎರಡು ಡಬಲ್ಸ್ ಜೋಡಿ ಹೋಗಬೇಕಾದರೆ ಎರಡೂ ಮೊದಲ ಎಂಟರಲ್ಲಿರಬೇಕು. ಹಾಗಾಗಿ ಭಾರತದ ಎರಡು ಮಹಿಳಾ ಜೋಡಿಗಳು ವರ್ಷವಿಡೀ ಒಂದೇ ಸ್ಥಾನಕ್ಕೆ ಪೈಪೋಟಿ ನಡೆಸಿದವು, ಕೊನೆಗೆ ಅಶ್ವಿನಿ ಪೊನ್ನಪ್ಪ ಮತ್ತು ತನಿಶಾ ಕ್ರಾಸ್ತೊ ಹೋದರು. ಟೆನಿಸ್‌ನಲ್ಲಿ ರೋಹನ್ ಬೋಪಣ್ಣ ಅವರ ಕಥೆ ಇನ್ನೂ ಸ್ವಾರಸ್ಯ. ಡಬಲ್ಸ್ ರ್‍ಯಾಂಕಿಂಗ್‌ನಲ್ಲಿ ಮೊದಲ ಹತ್ತರೊಳಗೆ ಇರುವವರಿಗೆ ನೇರ ಪ್ರವೇಶ, ಜೊತೆಗೆ ತಮ್ಮ ದೇಶದ ಒಬ್ಬ ಜೊತೆಗಾರನನ್ನು ಕರೆತರುವ ಅವಕಾಶ. ರಿಯೊಗೆ ಮೊದಲು ಬೋಪಣ್ಣ ಸಾಕೇತ್ ಮೈನೇನಿ ಹೆಸರು ಹೇಳಿದರು, ಟೆನಿಸ್ ಸಂಸ್ಥೆ ಲಿಯಾಂಡರ್ ಪೇಸ್ ಅವರನ್ನು ಜೋಡಿಸಿತು. ಪ್ಯಾರಿಸ್‌ಗೆ ಅವರು ಹೇಳಿದ ಶ್ರೀರಾಮ್ ಬಾಲಾಜಿ ಹೆಸರಿಗೇ ಒಪ್ಪಿಗೆ ಸಿಕ್ಕಿತು. ಸ್ಥಾನ ಆಟಗಾರನ ಹೆಸರಿಗೆ ಬಂದರೂ ಪ್ರವೇಶ ಪತ್ರ ಕಳಿಸುವ ಕೈ ಸಂಸ್ಥೆಯದೇ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಓಟದ ಕಡೆ ಬರೋಣ. ಅಥ್ಲೆಟಿಕ್ಸ್‌ನಲ್ಲಿ ದಾರಿ ಎರಡು. ವಿಶ್ವ ಅಥ್ಲೆಟಿಕ್ಸ್ ನಿಗದಿ ಮಾಡಿದ ಸಮಯದೊಳಗೆ ಓಡಿದರೆ ಒಂದು, ಉಳಿದ ಸ್ಥಾನಗಳನ್ನು ವಿಶ್ವ ರ್‍ಯಾಂಕಿಂಗ್‌ನಿಂದ ತುಂಬುವುದು ಇನ್ನೊಂದು. ಒಂದು ದೇಶದಿಂದ ಒಂದು ಸ್ಪರ್ಧೆಗೆ ಮೂವರಿಗಿಂತ ಹೆಚ್ಚಿಲ್ಲ. ಪ್ಯಾರಿಸ್‌ನ ಮಹಿಳೆಯರ 400 ಮೀಟರ್‌ಗೆ ಇಟ್ಟಿದ್ದ ಗುರಿ 50.95 ಸೆಕೆಂಡ್. 2018ರಲ್ಲಿ ಹಿಮಾ ದಾಸ್ ಜಕಾರ್ತಾದಲ್ಲಿ ಮಾಡಿದ ರಾಷ್ಟ್ರೀಯ ದಾಖಲೆ 50.79. ಅಂದರೆ ದೇಶದ ಚರಿತ್ರೆಯ ಅತಿ ವೇಗದ ಓಟಕ್ಕೂ ಒಲಿಂಪಿಕ್ಸ್‌ನ ಬರೀ ಪ್ರವೇಶಕ್ಕೂ ನಡುವಿನ ಅಂತರ ಒಂದು ಸೆಕೆಂಡಿನ ಆರನೇ ಒಂದು ಭಾಗ. ಕಿರಣ್ ಪಹಲ್ ಗಡುವು ಮುಗಿಯಲು ಕೆಲವೇ ದಿನ ಇದ್ದಾಗ, 2024ರ ಜೂನ್ ಕೊನೆಯಲ್ಲಿ ಪಂಚಕುಲಾದಲ್ಲಿ 50.92ರಲ್ಲಿ ಓಡಿ ಪ್ಯಾರಿಸ್ ಸೇರಿದರು.

ಈ ಸಮಯ ಮಾನ್ಯತೆ ಪಡೆದ ಕೂಟದಲ್ಲಿ, ವಿದ್ಯುನ್ಮಾನ ಉಪಕರಣದಲ್ಲಿ ದಾಖಲಾಗಿರಬೇಕು. ದೈಹಿಕ ಶಿಕ್ಷಣ ಶಿಕ್ಷಕರು ಸ್ಟಾಪ್‌ವಾಚ್ ಹಿಡಿದು ಹೇಳಿದ ಸಮಯ ಪೈಪೋಟಿಗೆ ಸರಿ, ಅರ್ಹತೆಗೆ ಅಲ್ಲ. ಹೆಬ್ಬೆರಳು ಗುಂಡಿ ಒತ್ತುವಲ್ಲಿ ಆಗುವ ತಡವೇ ಓಟಗಾರ್ತಿಯ ಲಾಭವಾಗಿಬಿಡುತ್ತದೆ. ಆದ್ದರಿಂದ ಜಿಲ್ಲಾ ಕೂಟದ ಸಮಯ ನೋಡಿ ಅಂದಾಜು ಕಟ್ಟಬೇಡಿ. ಒಮ್ಮೆ ಬೆಂಗಳೂರಿನ ರಾಜ್ಯ ಕೂಟದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಓಡಿಸಿ, ನಿಜವಾದ ಅಂಕಿ ಕೈಗೆ ಸಿಗುತ್ತದೆ.

ಓಟದಲ್ಲೂ ತಂಡದ ದಾರಿ ಒಂದಿದೆ, ನಾಲ್ವರು ತಲಾ 400 ಮೀಟರ್ ಓಡುವ ರಿಲೇ. 2024ರ ಮೇ ತಿಂಗಳಲ್ಲಿ ಬಹಾಮಾಸ್‌ನ ನಸ್ಸೌನಲ್ಲಿ ವಿಶ್ವ ರಿಲೇ ನಡೆಯಿತು. ಅಲ್ಲಿ ಹದಿನಾಲ್ಕು ತಂಡಗಳಿಗೆ ಪ್ಯಾರಿಸ್ ಸ್ಥಾನ. ಮೊದಲ ದಿನ ನಮ್ಮ ಮಹಿಳಾ ತಂಡ ಹೀಟ್ಸ್‌ನಲ್ಲಿ (ಆರಂಭಿಕ ಸುತ್ತಿನ ಓಟದಲ್ಲಿ) ಐದನೆಯದಾಯಿತು, ಪುರುಷರ ತಂಡದಲ್ಲಿ ಒಬ್ಬರಿಗೆ ನೋವಾಗಿ ಓಟವೇ ಮುಗಿಯಲಿಲ್ಲ. ಮರುದಿನದ ಎರಡನೇ ಅವಕಾಶದಲ್ಲಿ ಎರಡೂ ತಂಡ ತಮ್ಮ ಹೀಟ್ಸ್‌ನಲ್ಲಿ ಎರಡನೆಯದಾಗಿ ಬಂದು ಒಳಗೆ ಸೇರಿದವು. ಮಹಿಳೆಯರ ಸಮಯ 3 ನಿಮಿಷ 29.35 ಸೆಕೆಂಡ್. ಆ ನಾಲ್ವರಲ್ಲಿ ಕೊಡಗು ಮೂಲದ ಎಂ.ಆರ್. ಪೂವಮ್ಮ ಒಬ್ಬರು. 400 ಮೀಟರ್‌ನಲ್ಲಿ ಒಬ್ಬಳೇ ಆ 50.95 ಮುಟ್ಟಲಾಗದಿದ್ದರೂ ದೇಶದ ಮೊದಲ ಐದಾರು ಓಟಗಾರ್ತಿಯರಲ್ಲಿ ಒಬ್ಬಳಾದರೆ ಒಲಿಂಪಿಕ್ಸ್ ದೂರವಲ್ಲ ಎಂಬುದಕ್ಕೆ ಈ ರಿಲೇಯೇ ಸಾಕ್ಷಿ. ನಿಮ್ಮ ಮಗಳಿಗೆ ಇದು ತಿಳಿದಿರಲಿ.

ಹಾಗಾದರೆ ಹಾಕಿಯೋ, ಓಟವೋ? ಈ ವಯಸ್ಸಿನಲ್ಲಿ ಎರಡೂ ಇರಲಿ ಎಂದೇ ಹೇಳುತ್ತೇನೆ. 400 ಮೀಟರ್ ಓಡುವ ಕಾಲುಗಳಿಗೆ ಹಾಕಿಯಲ್ಲಿ ಯಾವತ್ತೂ ಬೆಲೆ ಇದೆ. ಮುಂದಿನ ಎರಡು ವರ್ಷದಲ್ಲಿ ರಾಜ್ಯದ ಸಬ್ ಜೂನಿಯರ್ ಅಥವಾ ಜೂನಿಯರ್ ತಂಡಕ್ಕೆ ಆಯ್ಕೆಯಾಗುತ್ತಾಳೆಯೇ, ವಿದ್ಯುನ್ಮಾನ ಸಮಯ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆಯೇ, ಎರಡನ್ನೂ ನೋಡಿ. ಒಲಿಂಪಿಕ್ಸ್‌ಗೆ ಯಾವುದರ ಬಾಗಿಲು ಅಗಲ ಎಂದು ಲೆಕ್ಕ ಹಾಕಿ ಮಗುವಿನ ಕ್ರೀಡೆ ಬದಲಿಸುವ ತಂದೆತಾಯಿಗಳನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಬೆಳಿಗ್ಗೆ ಐದಕ್ಕೆ, ಜುಲೈ ತಿಂಗಳ ಮಳೆಯಲ್ಲಿ ಎದ್ದು ಹೋಗಬೇಕಾದವಳು ಅವಳು. ಯಾವುದಕ್ಕೆ ಎಬ್ಬಿಸದೇ ಏಳುತ್ತಾಳೆಂದು ನಿಮಗೇ ಗೊತ್ತಿರುತ್ತದೆ.

ಏಷ್ಯನ್ ಗೇಮ್ಸ್ ವಿಷಯ ಬೇರೆ. ಅಲ್ಲಿ ಬಹುಪಾಲು ಕ್ರೀಡೆಗಳಲ್ಲಿ ಒಲಿಂಪಿಕ್ಸ್‌ನಂಥ ಕಠಿಣ ಅರ್ಹತಾ ಸುತ್ತುಗಳಿಲ್ಲ. ದೇಶದ ಒಲಿಂಪಿಕ್ ಸಂಸ್ಥೆ ಹೆಸರು ಕಳಿಸುತ್ತದೆ. ಜರಡಿ ಹಿಡಿಯುವುದು ನಮ್ಮದೇ ಕ್ರೀಡಾ ಸಚಿವಾಲಯ. ಹ್ಯಾಂಗ್‌ಝೌಗೆ ಮೊದಲು, ತಂಡ ಕ್ರೀಡೆಗಳಲ್ಲಿ ಏಷ್ಯಾದ ಮೊದಲ ಎಂಟರಲ್ಲಿದ್ದರೆ ಮಾತ್ರ ಕಳಿಸುವುದೆಂದು ಅದು ನಿಯಮ ಮಾಡಿತ್ತು. ಅದರ ಪ್ರಕಾರ ಫುಟ್‌ಬಾಲ್ ತಂಡ ಹೋಗುವಂತಿರಲಿಲ್ಲ. ಗದ್ದಲವಾಯಿತು, ಸಚಿವರು ವಿನಾಯಿತಿ ಕೊಟ್ಟರು, ತಂಡ ಹೋಯಿತು. ನಿಮ್ಮ ಶಿಫಾರಸಿನ ಸಂಶಯಕ್ಕೆ ಎಲ್ಲಾದರೂ ಜಾಗವಿದ್ದರೆ ಅದು ಇಂಥ ವಿನಾಯಿತಿಗಳ ಸುತ್ತ, ಅಂತರರಾಷ್ಟ್ರೀಯ ಅರ್ಹತೆಯಲ್ಲಲ್ಲ. ಕಾಮನ್‌ವೆಲ್ತ್ ಕ್ರೀಡಾಕೂಟದ ಬಗ್ಗೆ ಒಂದೇ ಮಾತು: 2026ರ ಗ್ಲಾಸ್ಗೊ ಕೂಟವನ್ನು ಹತ್ತು ಕ್ರೀಡೆಗಳಿಗೆ ಇಳಿಸಿದ್ದಾರೆ. ಹಾಕಿ, ಬ್ಯಾಡ್ಮಿಂಟನ್, ಶೂಟಿಂಗ್, ಸ್ಕ್ವಾಷ್ ಯಾವುದೂ ಆ ಪಟ್ಟಿಯಲ್ಲಿಲ್ಲ. ಎಷ್ಟೇ ಚೆನ್ನಾಗಿ ಆಡಿದರೂ ಕ್ರೀಡೆಯೇ ಇಲ್ಲದ ಕೂಟಕ್ಕೆ ಅರ್ಹತೆ ಎಂಬುದಿಲ್ಲ.

ಇನ್ನು ನಿಮ್ಮ ತಮ್ಮನ ಮಗ. ಒಲಿಂಪಿಕ್ಸ್ ನಿಯಮದಂತೆ ಆಟಗಾರ ತಾನು ಪ್ರತಿನಿಧಿಸುವ ದೇಶದ ಪ್ರಜೆಯಾಗಿರಬೇಕು. ಭಾರತದಲ್ಲಿ 2008ರಿಂದ ಸರ್ಕಾರದ ನಿಲುವು ಸ್ಪಷ್ಟ: ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ ಭಾರತ ತಂಡ. ಸಾಗರೋತ್ತರ ಭಾರತೀಯ ಕಾರ್ಡ್ ಇದ್ದರೆ ಸಾಲದು. ನಮ್ಮಲ್ಲಿ ಎರಡು ಪೌರತ್ವ ಇಟ್ಟುಕೊಳ್ಳಲು ಅವಕಾಶವಿಲ್ಲದ ಕಾರಣ ಅವನು ಕೆನಡಾದ ಪಾಸ್‌ಪೋರ್ಟ್ ಬಿಟ್ಟು ಬರಬೇಕಾಗುತ್ತದೆ. ಈಗಾಗಲೇ ಕೆನಡಾ ಪರ ಅಂತರರಾಷ್ಟ್ರೀಯ ಕೂಟದಲ್ಲಿ ಆಡಿದ್ದರೆ, ಕೊನೆಯ ಬಾರಿ ಆಡಿದ ದಿನದಿಂದ ಮೂರು ವರ್ಷ ಕಾಯಬೇಕು. ಎರಡೂ ದೇಶದ ಒಲಿಂಪಿಕ್ ಸಂಸ್ಥೆಗಳು ಮತ್ತು ಆ ಕ್ರೀಡೆಯ ಅಂತರರಾಷ್ಟ್ರೀಯ ಫೆಡರೇಷನ್ ಒಪ್ಪಿದರೆ ಆ ಅವಧಿಯನ್ನು ಕಡಿಮೆ ಮಾಡಬಹುದು. ರಜೆಗೆ ಊರಿಗೆ ಬಂದಾಗ ಒಕ್ಕದ ತಂಡದಲ್ಲಿ ಆಡಲು ಇದ್ಯಾವುದೂ ಬೇಕಿಲ್ಲ.